ಊರು ಕಟ್ಟುವವನಿಗೆ ಅಂಗಡಿಯ ಪಟ್ಟಿ ಏಕೆ?



ಶಾಲೆಗಳಿಗೆ ರಜೆ ಬಂತೆಂದರೆ ನಿಮ್ಮಲ್ಲಿ ಕೆಲವರಿಂದ ನನಗೆ ಒಂದೇ ಬಗೆಯ ಪ್ರಶ್ನೆ ಬರುತ್ತದೆ. “ಮೇಷ್ಟ್ರೇ, ಮಗ ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟ ಬೇಕೆಂದು ಹಟ ಹಿಡಿದಿದ್ದಾನೆ. ಆಟ ಒಂದೇ ಎಂದುಕೊಂಡರೆ ಅದರ ಬೆನ್ನಿಗೆ ಹತ್ತಾರು ವಿಸ್ತರಣೆಗಳಿವೆ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ರಿಯಾಯಿತಿ ಇದೆಯಂತೆ. ಕೊಡಿಸಿಬಿಡಲೇ?” ನಿವೃತ್ತಿಯ ನಂತರ ನಾನೂ ಈ ಆಟದಲ್ಲಿ ಹಲವು ಊರುಗಳನ್ನು ಕಟ್ಟಿದ್ದೇನೆಂಬುದು ನಿಮಗೆ ತಿಳಿದಿರುವುದರಿಂದ ಪ್ರಶ್ನೆ ನನ್ನೆಡೆಗೆ ಬರುತ್ತದೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವುದಕ್ಕಿಂತ ಇಲ್ಲಿಯೇ ಸವಿಸ್ತಾರವಾಗಿ ಬರೆದುಬಿಡುವುದು ಮೇಲೆಂದು ತೋರಿತು.

ಬಲ್ಲವರೆನಿಸಿಕೊಂಡವರು ಈ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ ಹೀಗಿರುತ್ತದೆ: ‘ಎಲ್ಲ ವಿಸ್ತರಣೆಗಳನ್ನೂ ಕೊಂಡುಬಿಡಿ, ಜೊತೆಗೆ ಈ ನೂರು ಮಾಡ್‌ಗಳನ್ನೂ ಹಾಕಿಕೊಳ್ಳಿ, ಆಮೇಲೆ ಆಟ ಆರಂಭಿಸಿ.’ ಈ ಉತ್ತರವನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಇದು ಹಣದ ಪ್ರಶ್ನೆ ಮಾತ್ರವಲ್ಲ. ಪಠ್ಯಪುಸ್ತಕವನ್ನು ತೆರೆಯುವ ಮೊದಲೇ ಪೇಟೆಯಲ್ಲಿರುವ ಗೈಡುಗಳನ್ನೆಲ್ಲ ಕೊಂಡು ತರುವ ಹುಡುಗನನ್ನು ಮೂವತ್ತು ವರ್ಷ ಕಂಡವನು ನಾನು. ಆ ಹುಡುಗ ಫೇಲಾಗುತ್ತಾನೆಂದಲ್ಲ, ಪಾಸೂ ಆಗುತ್ತಾನೆ. ಆದರೆ ತನ್ನದೇ ಆದ ಒಂದು ಪ್ರಶ್ನೆ ಅವನಲ್ಲಿ ಎಂದಿಗೂ ಹುಟ್ಟುವುದಿಲ್ಲ. ಊರು ಕಟ್ಟುವ ಆಟದ ಇಡೀ ಸಾರ್ಥಕ್ಯವಿರುವುದು ಪ್ರಶ್ನೆ ಹುಟ್ಟುವುದರಲ್ಲಿ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲು ಬರಿಯ ಆಟ, ಅನಂತರ ನಿಯಮವನ್ನು ತಿದ್ದುವ ಎರಡು ಮೂರು ಮಾಡ್‌ಗಳು, ಕಟ್ಟಕಡೆಗೆ, ನಿಮ್ಮ ಊರೇ ಕೇಳಿದರೆ ಮಾತ್ರ, ಒಂದು ವಿಸ್ತರಣೆ.

ಈ ಲೋಕದ ಪರಿಚಯವಿಲ್ಲದ ಬಂಧುಗಳಿಗಾಗಿ ಸ್ವಲ್ಪ ಹಿನ್ನೆಲೆ. ಈ ಬಗೆಯ ಆಟಗಳಿಗೆ ದಾರಿ ತೋರಿದ್ದು 1989ರಲ್ಲಿ ಅಮೆರಿಕದ ವಿಲ್ ರೈಟ್ ರೂಪಿಸಿದ ಸಿಮ್‌ಸಿಟಿ. ಬಾಂಬು ಹಾಕುವ ಆಟವೊಂದಕ್ಕಾಗಿ ಭೂಪಟ ರಚಿಸುತ್ತಿದ್ದ ರೈಟ್‌ಗೆ, ಬಾಂಬು ಹಾಕುವುದಕ್ಕಿಂತ ದ್ವೀಪಗಳ ಮೇಲೆ ಊರು ಬರೆಯುವುದೇ ಹೆಚ್ಚು ರುಚಿಸಿತು. 2003ರಲ್ಲಿ ಬಂದ ಸಿಮ್‌ಸಿಟಿ 4 ಆ ಸರಣಿಯ ಶಿಖರವೆಂದು ಇಂದಿಗೂ ಹಲವರು ಭಾವಿಸುತ್ತಾರೆ. 2013ರಲ್ಲಿ ಅದೇ ಹೆಸರಿನ ಹೊಸ ಆಟ ಬಂದಾಗ ಅಂತರಜಾಲದ ಸಂಪರ್ಕವಿಲ್ಲದೆ ಆಡುವಂತೆಯೇ ಇರಲಿಲ್ಲ. ಬಿಡುಗಡೆಯ ದಿನಗಳಲ್ಲಿ ಸರ್ವರುಗಳು ಕೈಕೊಟ್ಟು, ಹಣ ತೆತ್ತವರು ಬಾಗಿಲ ಹೊರಗೇ ನಿಂತರು. ಆ ಅತೃಪ್ತಿಯ ನಡುವೆ, 2015ರ ಮಾರ್ಚ್ 10ರಂದು, ಫಿನ್ಲೆಂಡಿನ ಟಾಂಪೆರೆ ನಗರದ ಕೊಲಾಸಲ್ ಆರ್ಡರ್ ಎಂಬ ಸಣ್ಣ ತಂಡ ರಚಿಸಿ, ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಪ್ರಕಟಿಸಿದ ‘ಸಿಟೀಸ್: ಸ್ಕೈಲೈನ್ಸ್’ ಬಂದಿತು. ಸಿಮ್‌ಸಿಟಿಯನ್ನು ರೂಪಿಸಿದ ಎಮೆರಿವಿಲ್ಲಿನ ಮ್ಯಾಕ್ಸಿಸ್ ಕಚೇರಿಯನ್ನು ಮುಚ್ಚಿದ್ದೂ ಅದೇ ತಿಂಗಳಲ್ಲಿ. ಒಂದು ಅಂಗಡಿ ಬಾಗಿಲು ಹಾಕಿತು, ಎದುರಿನದು ತೆರೆಯಿತು.

ಇನ್ನು ಎರಡು ಪದಗಳ ವಿವರಣೆ. ವಿಸ್ತರಣೆ ಎಂದರೆ ಆಟವನ್ನು ಮಾಡಿದ ಸಂಸ್ಥೆಯೇ ಅನಂತರ ಬೆಲೆ ಕಟ್ಟಿ ಮಾರುವ ಹೆಚ್ಚುವರಿ ಭಾಗ; ಹುಡುಗರು ಇದನ್ನು ಡಿಎಲ್‌ಸಿ ಎನ್ನುತ್ತಾರೆ. ಮಾಡ್ ಎಂದರೆ ಆಡುವವರಲ್ಲಿಯೇ ಯಾರೋ ಬಲ್ಲವರು, ಬಹುಮಟ್ಟಿಗೆ ಸಂಬಳವಿಲ್ಲದೆ, ತಾವೇ ಬರೆದು ಎಲ್ಲರಿಗೂ ಹಂಚುವ ತಿದ್ದುಪಡಿ. ಪದವೇನೋ ಇಂಗ್ಲಿಷಿನದು, ಆದರೆ ಕಿವಿಗೆ ನಮ್ಮ ‘ಮಾಡು’ ಎಂಬ ಕ್ರಿಯಾಪದದಂತೆಯೇ ಕೇಳಿಸುತ್ತದೆ, ಅರ್ಥವೂ ಅದರಿಂದ ಬಹಳ ದೂರವಿಲ್ಲ. ಒಂದು ಕೊಳ್ಳುವುದು, ಇನ್ನೊಂದು ಮಾಡುವುದು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ.

ಈಗ ವಿಸ್ತರಣೆಗಳ ಪಟ್ಟಿಯನ್ನೇ ನೋಡೋಣ. 2015ರ ‘ಆಫ್ಟರ್ ಡಾರ್ಕ್’ನಿಂದ 2022ರ ‘ಪ್ಲಾಜಾಸ್ ಅಂಡ್ ಪ್ರಾಮನೇಡ್ಸ್’ವರೆಗೆ ದೊಡ್ಡ ವಿಸ್ತರಣೆಗಳೇ ಹನ್ನೊಂದು. ಆಫ್ಟರ್ ಡಾರ್ಕ್‌ನಲ್ಲಿ ಬಸ್ಸಿನ ಪ್ರತ್ಯೇಕ ಪಥ, ಸೈಕಲ್ ಪಥ, ಟ್ಯಾಕ್ಸಿ. 2016ರ ಸ್ನೋಫಾಲ್‌ನಲ್ಲಿ ಹಿಮ ಮತ್ತು ಟ್ರಾಮ್. ಅದೇ ವರ್ಷದ ನ್ಯಾಚುರಲ್ ಡಿಸಾಸ್ಟರ್ಸ್‌ನಲ್ಲಿ ಸುನಾಮಿ, ಭೂಕಂಪ, ಉಲ್ಕಾಪಾತ. 2017ರ ಮಾಸ್ ಟ್ರಾನ್ಸಿಟ್‌ನಲ್ಲಿ ದೋಣಿ, ಮೋನೊರೈಲು, ಕೇಬಲ್ ಕಾರು. ಅದೇ ವರ್ಷ ಗ್ರೀನ್ ಸಿಟೀಸ್. 2018ರಲ್ಲಿ ಉದ್ಯಾನಗಳ ಪಾರ್ಕ್‌ಲೈಫ್ ಮತ್ತು ಕೈಗಾರಿಕೆಗಳ ಇಂಡಸ್ಟ್ರೀಸ್. 2019ರಲ್ಲಿ ಕಾಲೇಜುಗಳ ಕ್ಯಾಂಪಸ್. 2020ರಲ್ಲಿ ಮೀನುಗಾರಿಕೆಯ ಸನ್‌ಸೆಟ್ ಹಾರ್ಬರ್. 2022ರಲ್ಲಿ ಏರ್‌ಪೋರ್ಟ್ಸ್, ಅನಂತರ ಪಾದಚಾರಿ ವಲಯಗಳ ಪ್ಲಾಜಾಸ್. ಇವಲ್ಲದೆ ಸಣ್ಣ ವಿಸ್ತರಣೆಗಳು, ಕಟ್ಟಡಗಳ ಕಂತೆಗಳು, ಊರು ಕಟ್ಟುವಾಗ ಕೇಳಲು ರೇಡಿಯೊ ಹಾಡುಗಳ ಕಂತೆಗಳು ಬೇರೆ. ಮದುವೆ ಮನೆಯ ಜವಳಿ ಪಟ್ಟಿಯೂ ಇಷ್ಟುದ್ದವಿರಲಾರದು.

ಈ ಪಟ್ಟಿಯಲ್ಲಿ ಕೆಟ್ಟದ್ದು ಏನಿದೆ ಎಂದು ನೀವು ಕೇಳಬಹುದು. ಒಂದೊಂದಾಗಿ ನೋಡಿದರೆ ಏನೂ ಇಲ್ಲ. ಆದರೆ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಒಂದೊಂದು ವಿಸ್ತರಣೆ ಮಾರಾಟಕ್ಕೆ ಬಂದಾಗಲೂ ಅದರೊಡನೆ ಎಲ್ಲರಿಗೂ ಉಚಿತವಾದ ಸುಧಾರಣೆಯೊಂದು ಬರುತ್ತಿತ್ತು. ಹಗಲು-ರಾತ್ರಿಯ ಚಕ್ರ ಬಂದದ್ದು ಹಾಗೆಯೇ, ಮೂಲ ಆಟ ಮಾತ್ರ ಇದ್ದವರಿಗೂ ಅದು ಸಿಕ್ಕಿತು. ಕೂಡುರಸ್ತೆಗಳಲ್ಲಿ ಸಿಗ್ನಲ್ ದೀಪ ಇರಬೇಕೋ ಬೇಡವೋ ಎಂದು ನಿರ್ಧರಿಸುವ ಅಧಿಕಾರ 2017ರಲ್ಲಿ ದೊರೆತದ್ದೂ ಹಾಗೆಯೇ. ಅಂದರೆ ಊರಿನ ನಡವಳಿಕೆಯನ್ನು ತಿದ್ದುವ ಅಂಶಗಳಲ್ಲಿ ಹಲವು ಪುಕ್ಕಟೆಯಾಗಿಯೇ ನಿಮ್ಮ ಬಳಿ ಇವೆ. ಬೆಲೆ ಕಟ್ಟಿದ್ದು ಬಹುಮಟ್ಟಿಗೆ ಹೊಸ ವಸ್ತುಗಳಿಗೆ.

ಎರಡನೆಯದು ಇನ್ನೂ ಮುಖ್ಯ. ಮೂಲ ಆಟದಲ್ಲಿ ಕೆಲವು ಮೂಲಭೂತ ದೋಷಗಳಿದ್ದವು. ವಿಶಾಲವಾದ ಆರು ಪಥಗಳ ರಸ್ತೆ ಹಾಕಿದರೂ ವಾಹನಗಳೆಲ್ಲ ಮುಂದಿನ ತಿರುವಿಗಾಗಿ ಒಂದೇ ಪಥದಲ್ಲಿ ಮೈಲುದ್ದ ಸಾಲುಗಟ್ಟುತ್ತವೆ. ದಟ್ಟಣೆಯಲ್ಲಿ ಬಹಳ ಹೊತ್ತು ಸಿಕ್ಕಿಬಿದ್ದ ವಾಹನ ಥಟ್ಟನೆ ಮಾಯವಾಗಿಬಿಡುತ್ತದೆ. ಊರಿನ ದೊರೆಗೆ ತನ್ನ ರಸ್ತೆ ಕೆಟ್ಟಿದೆಯೆಂಬ ಸುದ್ದಿಯೇ ಪೂರ್ತಿಯಾಗಿ ತಲುಪುವುದಿಲ್ಲ. ನಡೆದು ಹೋಗುತ್ತಿದ್ದ ಮನುಷ್ಯ ಬೇಕೆನಿಸಿದಾಗ ಜೇಬಿನಿಂದ ತೆಗೆದಂತೆ ಕಾರೊಂದನ್ನು ತೆಗೆದು ಏರಿ ಹೋಗುತ್ತಾನೆ. ಇಡೀ ಊರಿನಲ್ಲಿ ಏಕಕಾಲಕ್ಕೆ ಓಡಾಡಬಲ್ಲ ವಾಹನಗಳ ಮಿತಿ 16,384. ಹನ್ನೊಂದು ವಿಸ್ತರಣೆಗಳನ್ನೂ ಕೊಂಡವನ ಊರಿನಲ್ಲಿಯೂ ವಾಹನಗಳು ಹಾಗೆಯೇ ಸಾಲುಗಟ್ಟುತ್ತವೆ, ಹಾಗೆಯೇ ಮಾಯವಾಗುತ್ತವೆ. ಅವನು ಹಣ ತೆತ್ತು ತಂದ ಮೋನೊರೈಲು ಆ ಸಾಲಿನ ಮೇಲೆ ತೇಲಿ ಹೋಗುತ್ತದೆ, ಅಷ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದನ್ನು ಕಂಡೇ.

ಈ ದೋಷಗಳನ್ನು ತಿದ್ದಿದವರು ಯಾರು? ಮಾಡ್ ಬರೆದವರು. ‘ಟ್ರಾಫಿಕ್ ಮ್ಯಾನೇಜರ್: ಪ್ರೆಸಿಡೆಂಟ್ ಎಡಿಷನ್’ ಎಂಬ ಮಾಡ್ ಒಂದಿದೆ. ಯಾವ ಪಥದಿಂದ ಯಾವ ಪಥಕ್ಕೆ ಹೋಗಬಹುದು, ಯಾವ ರಸ್ತೆಯಲ್ಲಿ ಎಷ್ಟು ವೇಗ, ಎಲ್ಲಿ ನಿಲುಗಡೆ ನಿಷೇಧ, ಸಿಗ್ನಲ್ ದೀಪ ಯಾವ ಕಡೆಗೆ ಎಷ್ಟು ಹೊತ್ತು ಹಸಿರು ಎಂಬುದನ್ನೆಲ್ಲ ಅದು ಆಡುವವನ ಕೈಗೆ ಕೊಡುತ್ತದೆ. ವಾಹನಗಳು ಮಾಯವಾಗುವುದನ್ನು ನಿಲ್ಲಿಸುವ ಗುಂಡಿಯೂ ಅದರಲ್ಲಿದೆ. ಕಾರು ಇಟ್ಟುಕೊಂಡವನು ಅದನ್ನು ನಿಲ್ಲಿಸಲು ನಿಜವಾಗಿಯೂ ಜಾಗ ಹುಡುಕಬೇಕಾಗುವಂತೆ ಮಾಡುವ ಆಯ್ಕೆಯೂ ಇದೆ. ಗಮನಿಸಿ, ಇದರಿಂದ ಆಟ ಸುಲಭವಾಗುವುದಿಲ್ಲ, ಕಠಿಣವಾಗುತ್ತದೆ. ಅಡಗಿದ್ದ ದಟ್ಟಣೆಯೆಲ್ಲ ಬೀದಿಗೆ ಬರುತ್ತದೆ. ಆದರೆ ಆಗ ಅದು ನಿಮ್ಮ ದಟ್ಟಣೆ. ಅದಕ್ಕೆ ಕಾರಣವೂ ನೀವು, ಪರಿಹಾರವೂ ನೀವು. ಹಿಂದೆ ಸಿಮ್‌ಸಿಟಿ 4ರಲ್ಲಿ ನಡೆದದ್ದೂ ಇದೇ. ‘ನೆಟ್‌ವರ್ಕ್ ಆಡ್ಆನ್ ಮಾಡ್’ ಎಂಬ ಹೆಸರಿನಲ್ಲಿ 2004ರಲ್ಲಿ ಉತ್ಸಾಹಿಗಳ ಗುಂಪೊಂದು ಆರಂಭಿಸಿದ ಕೆಲಸ, ನಾಗರಿಕರು ದಾರಿ ಹುಡುಕುವ ಲೆಕ್ಕಾಚಾರವನ್ನೇ ತಿದ್ದಿತು. ಇಪ್ಪತ್ತು ವರ್ಷಗಳ ನಂತರವೂ ಆ ಹಳೆಯ ಆಟವನ್ನು ಜನ ಆಡುತ್ತಿರುವುದರಲ್ಲಿ ಈ ತಿದ್ದುಪಡಿಯ ಪಾಲು ದೊಡ್ಡದು. ಇನ್ನು 2013ರ ಸಿಮ್‌ಸಿಟಿಯನ್ನು ಅಂತರಜಾಲವಿಲ್ಲದೆಯೂ ಆಡಿಸಬಹುದೆಂದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೋರಿಸಿಕೊಟ್ಟದ್ದೂ ಒಬ್ಬ ಮಾಡ್‌ಗಾರನೇ; ಸಂಸ್ಥೆ ಅದನ್ನು ಅಧಿಕೃತವಾಗಿ ಸಾಧ್ಯವಾಗಿಸಿದ್ದು 2014ರ ಮಾರ್ಚ್‌ನಲ್ಲಿ, ಒಂದು ವರ್ಷದ ಮೇಲೆ.

ಆದ್ದರಿಂದ ಎಲ್ಲವೂ ಮಾಡ್‌ಮಯವಾಗಲಿ ಎಂದು ನಾನು ಹೇಳುತ್ತಿದ್ದೇನೆಂದು ಭಾವಿಸಬೇಡಿ. ಕೊಳ್ಳುವ ಪಟ್ಟಿಯ ಹುಚ್ಚು ಹೇಗೋ, ಪುಕ್ಕಟೆ ಪಟ್ಟಿಯ ಹುಚ್ಚೂ ಹಾಗೆಯೇ. ಪುಕ್ಕಟೆ ಎಂದ ಮಾತ್ರಕ್ಕೆ ಸಾವಿರಾರು ಕಟ್ಟಡ, ಮರ, ಬೀದಿದೀಪಗಳನ್ನು ಇಳಿಸಿಕೊಂಡು, ಆಟ ತೆರೆದುಕೊಳ್ಳಲು ಅರ್ಧ ಗಂಟೆ ಕಾಯುವವರನ್ನು ನಾನು ಬಲ್ಲೆ. ಮೂಲ ಆಟದ ಸಂಸ್ಥೆ ಹೊಸ ಆವೃತ್ತಿಯೊಂದನ್ನು ಬಿಟ್ಟ ದಿನ ಇವರ ಪಾಡು ನಾಯಿಪಾಡು. ಯಾವ ಮಾಡ್ ಮುರಿದಿದೆಯೆಂದು ಹುಡುಕುವುದರಲ್ಲಿಯೇ ವಾರ ಕಳೆಯುತ್ತದೆ. ಉಳಿಸಿಟ್ಟ ಊರು ಆ ಮಾಡ್‌ಗಳಿಲ್ಲದೆ ತೆರೆಯುವುದಿಲ್ಲ, ಇದ್ದರೂ ಓಡುವುದಿಲ್ಲ. ಅಪಾಯವೂ ಇಲ್ಲದಿಲ್ಲ. 2022ರ ಫೆಬ್ರವರಿಯಲ್ಲಿ ಈ ಆಟದ ಕೆಲವು ಮಾಡ್‌ಗಳಲ್ಲಿ, ಬಳಸುವವರಿಗೆ ತಿಳಿಯದಂತೆ ಹೊರಗಿನಿಂದ ಹೊಸ ಸಂಕೇತಗಳನ್ನು ಇಳಿಸಿಕೊಳ್ಳಬಲ್ಲ ಭಾಗ ಅಡಗಿದೆಯೆಂಬ ದೂರು ಬಂದು, ಸ್ಟೀಮ್ ಮಾರುಕಟ್ಟೆ ಅವುಗಳನ್ನು ತೆಗೆದುಹಾಕಿತು. ಅಪರಿಚಿತರು ಕೊಟ್ಟ ಪ್ರಸಾದವನ್ನು ಯೋಚಿಸಿ ತಿನ್ನಬೇಕೆಂಬ ಬುದ್ಧಿಮಾತು ಇಲ್ಲಿಗೂ ಸಲ್ಲುತ್ತದೆ.

ಹಾಗಾದರೆ ಆಯ್ಕೆಯ ಮಾನದಂಡ ಯಾವುದು? ಕೊಂಡದ್ದೋ ಪುಕ್ಕಟೆಯೋ ಎಂಬುದಲ್ಲ. ಅದು ನಿಯಮವನ್ನು ತಿದ್ದುತ್ತದೆಯೋ, ಒಡವೆಯನ್ನು ಸೇರಿಸುತ್ತದೆಯೋ ಎಂಬುದು. ಹೊಸದೊಂದನ್ನು ಹಾಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಇದು ಬಂದ ಮೇಲೆ ನಾನು ಹಿಂದೆಂದೂ ತೆಗೆದುಕೊಳ್ಳದಿದ್ದ ತೀರ್ಮಾನವೊಂದನ್ನು ತೆಗೆದುಕೊಳ್ಳಬೇಕಾಗುತ್ತದೆಯೇ? ಹೌದೆಂದಾದರೆ ತನ್ನಿ. ಇಲ್ಲವೆಂದಾದರೆ ಅದು ಗಾಜಿನ ಬೀರುವಿನೊಳಗಿನ ಬೊಂಬೆ. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ನನ್ನ ತಂಗಿಯ ಮೊಮ್ಮಗನ ಊರನ್ನು ಒಮ್ಮೆ ನೋಡಿದೆ. ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ಊರ ನಡುವೆ ಭವ್ಯವಾದ ವಿಮಾನ ನಿಲ್ದಾಣ. ಏರ್‌ಪೋರ್ಟ್ಸ್ ವಿಸ್ತರಣೆಯಲ್ಲಿ ಅದನ್ನು ಬಿಡಿಭಾಗಗಳಿಂದ ತಾನೇ ಜೋಡಿಸಬಹುದು. ಅದರ ಪಕ್ಕದ ಬಡಾವಣೆಯ ಮನೆಗಳ ಮೇಲೆಲ್ಲ ಶವ ಸಾಗಿಸದ, ಕಸ ಎತ್ತದ ಸೂಚನೆಗಳು ಮಿಣುಕುತ್ತಿದ್ದವು. “ಏನಪ್ಪಾ ಇದು?” ಎಂದು ಕೇಳಿದೆ. “ಅದು ಬಿಡಿ ತಾತ, ರನ್‌ವೇ ಹೇಗಿದೆ ನೋಡಿ” ಎಂದ. ಹುಡುಗನನ್ನು ನಾನು ದೂರುವುದಿಲ್ಲ. ಅವನಿಗೆ ವಿಮಾನ ನಿಲ್ದಾಣ ಉಡುಗೊರೆಯಾಗಿ ಬಂದಿತ್ತು. ಊರು ಅದನ್ನು ಕೇಳಿರಲಿಲ್ಲ. ಮೂಲ ಆಟದಲ್ಲಿಯೂ ವಿಮಾನ ನಿಲ್ದಾಣವಿದೆ, ಆದರೆ ಅದು ಊರು ಒಂದು ಮಟ್ಟಕ್ಕೆ ಬೆಳೆದ ಮೇಲೆಯೇ ದೊರೆಯುತ್ತದೆ. ಆ ಹೊತ್ತಿಗೆ ಪ್ರವಾಸಿಗರನ್ನು ಎಲ್ಲಿಂದ ತರುವುದೆಂಬ ಚಿಂತೆ ಆಡುವವನಿಗೆ ಹತ್ತಿರುತ್ತದೆ. ಹಸಿವಾದವನಿಗೆ ಊಟ ರುಚಿ. ಹಸಿವಾಗದ ಮಗುವಿನ ಬಾಯಿಗೆ ಹೋಳಿಗೆ ತುರುಕುವುದು ಪ್ರೀತಿಯಲ್ಲ.

ಬರಿಯ ಆಟದಲ್ಲಿ ಕಲಿಯುವುದಕ್ಕೆ ಏನಿದೆ ಎಂದು ಕೇಳುವವರಿಗೆ ಎರಡೇ ಉದಾಹರಣೆ. ನದಿಯ ದಂಡೆಯಲ್ಲಿ ನೀರೆತ್ತುವ ಪಂಪು ಹಾಕಿ, ಅದರ ಮೇಲ್ಭಾಗದಲ್ಲಿ ಒಳಚರಂಡಿಯ ಕೊಳವೆ ಬಿಟ್ಟರೆ ಊರಿಗೆ ಊರೇ ಕಾಯಿಲೆ ಬೀಳುತ್ತದೆ. ನದಿ ಯಾವ ದಿಕ್ಕಿಗೆ ಹರಿಯುತ್ತದೆಂದು ನೋಡುವ ಅಭ್ಯಾಸವನ್ನು ತರಗತಿಯಲ್ಲಿ ಹತ್ತು ಸಲ ಹೇಳಿ ಮೂಡಿಸಲಾಗದ್ದನ್ನು ಈ ಒಂದು ಪ್ರಸಂಗ ಮೂಡಿಸುತ್ತದೆ. ಇನ್ನೊಂದು, ಆಡುವವರು ‘ಸಾವಿನ ಅಲೆ’ ಎಂದು ಕರೆಯುವ ವಿದ್ಯಮಾನ. ಆತುರಪಟ್ಟು ವಿಶಾಲವಾದ ಬಡಾವಣೆಯನ್ನು ಒಮ್ಮೆಗೇ ವಾಸಕ್ಕೆ ತೆರೆದರೆ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಸಾವಿರಾರು ಜನ ಒಟ್ಟಿಗೆ ಬಂದು ನೆಲೆಸುತ್ತಾರೆ. ಕೆಲವು ವರ್ಷಗಳ ಮೇಲೆ ಅವರೆಲ್ಲ ಒಟ್ಟಿಗೆ ಮುದುಕರಾಗಿ ಒಟ್ಟಿಗೆ ಸಾಯುತ್ತಾರೆ. ಸ್ಮಶಾನ ಸಾಲದು, ಶವವಾಹನ ಸಾಲದು, ಮನೆಗಳು ಖಾಲಿ. ಇದಕ್ಕೆ ಮದ್ದು ಯಾವ ವಿಸ್ತರಣೆಯಲ್ಲಿಯೂ ಇಲ್ಲ. ಬಡಾವಣೆಯನ್ನು ಸ್ವಲ್ಪಸ್ವಲ್ಪವಾಗಿ ತೆರೆಯುವ ತಾಳ್ಮೆಯೇ ಮದ್ದು. ಜನಸಂಖ್ಯೆಯ ವಯೋರಚನೆಯ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಕರಿಹಲಗೆಯ ಮೇಲೆ ಬರೆದದ್ದಿಲ್ಲ.

ಇನ್ನೊಂದು ವಿಚಿತ್ರ. ಮೂಲ ಆಟದ ಜೊತೆಯಲ್ಲಿಯೇ ಸಂಸ್ಥೆ ಐದು ಮಾಡ್‌ಗಳನ್ನು ಇಟ್ಟುಕೊಟ್ಟಿದೆ. ಅಪರಿಮಿತ ಹಣ, ಎಲ್ಲ ಕಟ್ಟಡಗಳೂ ಮೊದಲಿನಿಂದಲೇ ಲಭ್ಯ, ಬರಿದಾಗದ ಎಣ್ಣೆ-ಅದಿರು ಎಂಬಂಥವುಗಳ ನಡುವೆ ‘ಹಾರ್ಡ್ ಮೋಡ್’ ಎಂಬುದೂ ಇದೆ. ಅದು ಖರ್ಚನ್ನು ಹೆಚ್ಚಿಸಿ ಊರನ್ನು ನಡೆಸುವುದನ್ನು ಕಠಿಣಗೊಳಿಸುತ್ತದೆ. ಅಪರಿಮಿತ ಹಣದ ಗುಂಡಿಯನ್ನು ಒತ್ತದ ಮಗುವನ್ನು ನಾನು ಕಂಡದ್ದು ಕಡಿಮೆ. ಹಾರ್ಡ್ ಮೋಡಿನ ಗುಂಡಿಯನ್ನು ಒತ್ತಿದ ಮಗುವನ್ನು ಕಂಡೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಲಿಸುವ ಸಾಧನ ಪುಕ್ಕಟೆಯಾಗಿ ಕೈಯಲ್ಲಿದೆ; ನಾವು ಹಣ ತೆತ್ತು ದೊಡ್ಡ ಹಾಸಿಗೆಯನ್ನು ಹುಡುಕುತ್ತಿದ್ದೇವೆ.

“ಮೇಷ್ಟ್ರೇ, ಆಟ ಮಾಡಿದವರೂ ಬದುಕಬೇಕಲ್ಲವೇ? ವಿಸ್ತರಣೆ ಕೊಳ್ಳದಿದ್ದರೆ ಅವರ ಸಂಬಳ ಎಲ್ಲಿಂದ ಬರಬೇಕು?” ಎಂದು ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಕಳ್ಳಪ್ರತಿ ಬೇಡ, ಮೂಲ ಆಟವನ್ನು ಹಣ ಕೊಟ್ಟೇ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆಡುವವರಲ್ಲಿಯೇ ನಿಪುಣರಾದವರು ರಚಿಸಿದ ಕಟ್ಟಡಗಳ ಕಂತೆಗಳು 2016ರಿಂದ ಮಾರಾಟಕ್ಕೆ ಬಂದಿವೆ. ಅದರ ಹಣದಲ್ಲಿ ಅವರಿಗೂ ಪಾಲಿದೆ. ಒಡವೆಯನ್ನೇ ಕೊಳ್ಳಬೇಕೆಂದಿದ್ದರೆ ಅಂಥದ್ದನ್ನು ಕೊಳ್ಳಿ, ತಪ್ಪಿಲ್ಲ. ಆದರೆ ಕೊಳ್ಳುವವನು ಕಣ್ಣುಮುಚ್ಚಿ ಕೊಳ್ಳುತ್ತಾ ಹೋದರೆ ಮಾಡುವವನ ಕೆಲಸವೂ ಕೆಡುತ್ತದೆ. ಇದಕ್ಕೆ ಸಾಕ್ಷಿ ಇದೇ ಆಟದ ಎರಡನೆಯ ಭಾಗ.

2023ರ ಅಕ್ಟೋಬರ್ 24ರಂದು ‘ಸಿಟೀಸ್: ಸ್ಕೈಲೈನ್ಸ್ 2’ ಬಂದಿತು. ಅದರಲ್ಲಿ ಒಳ್ಳೆಯ ಅಂಶಗಳಿದ್ದವು: ಕೆಳಗೆ ಅಂಗಡಿ ಮೇಲೆ ಮನೆ ಇರುವ ಮಿಶ್ರ ವಸತಿ, ವಾಹನ ನಿಲುಗಡೆಯ ನಿಜವಾದ ಲೆಕ್ಕ, ರಸ್ತೆ ಹಾಕಲು ಉತ್ತಮವಾದ ಸಲಕರಣೆಗಳು, 441 ಚೌಕಗಳ ವಿಶಾಲ ಭೂಮಿ. ಮೊದಲ ಆಟದ ಕೊರತೆಗಳೆಂದು ಮಾಡ್‌ಗಾರರು ವರ್ಷಗಟ್ಟಲೆ ದುಡಿದು ತುಂಬಿಕೊಂಡಿದ್ದ ಹಲವು ಅಂಶಗಳು ಮೂಲದಲ್ಲಿಯೇ ಬಂದವು. ಆದರೆ ಆಟ ಒಳ್ಳೊಳ್ಳೆಯ ಕಂಪ್ಯೂಟರುಗಳಲ್ಲಿಯೂ ಕುಂಟುತ್ತಿತ್ತು. ಅಧಿಕೃತವಾಗಿ ಮಾಡ್ ಹಂಚಿಕೊಳ್ಳುವ ವ್ಯವಸ್ಥೆ ಬರಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದೇ ತಿಂಗಳಲ್ಲಿ, ದೋಷಗಳು ಇನ್ನೂ ಉಳಿದಿರುವಾಗಲೇ, ‘ಬೀಚ್ ಪ್ರಾಪರ್ಟೀಸ್’ ಎಂಬ ಕಡಲತೀರದ ಮನೆಗಳ ಕಂತೆಯನ್ನು ಮಾರಾಟಕ್ಕಿಟ್ಟರು. ಈ ಬಾರಿ ಆಡುವವರು ಸುಮ್ಮನಿರಲಿಲ್ಲ. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಏಪ್ರಿಲ್‌ನಲ್ಲಿ ಸಂಸ್ಥೆಗಳು ಬಹಿರಂಗವಾಗಿ ಕ್ಷಮೆ ಕೇಳಿ, ಆ ಕಂತೆಯನ್ನು ಉಚಿತಗೊಳಿಸಿ, ಹಣ ಹಿಂದಿರುಗಿಸುವುದಾಗಿ ಪ್ರಕಟಿಸಿದವು. 2025ರ ನವೆಂಬರ್‌ನಲ್ಲಿ ಪ್ಯಾರಡಾಕ್ಸ್ ಮತ್ತು ಕೊಲಾಸಲ್ ಆರ್ಡರ್ ಬೇರೆಯಾಗುವ ಸುದ್ದಿ ಬಂದಿತು. ಆಟದ ಮುಂದಿನ ಹೊಣೆ ಟಾಂಪೆರೆಯಲ್ಲಿಯೇ ಇರುವ ಇನ್ನೊಂದು ತಂಡದ ಪಾಲಾಯಿತು.

ಬೇಡ ಎನ್ನುವ ಅಧಿಕಾರವನ್ನು ಕೊಳ್ಳುವವನು ಚಲಾಯಿಸಿದಾಗ ಮಾತ್ರ ಮಾರುವವನು ನೆಲಗಟ್ಟನ್ನು ನೋಡಿಕೊಳ್ಳುತ್ತಾನೆ ಎಂಬುದೇ ಇದರ ನೀತಿ. ಎಂಟು ವರ್ಷ ‘ಎಲ್ಲವನ್ನೂ ಕೊಂಡುಬಿಡಿ’ ಎಂದು ಉಪದೇಶಿಸಿದವರು, ಮಾಳಿಗೆ ಸೋರುತ್ತಿರುವಾಗ ಕಿಟಕಿಯ ಪರದೆ ಮಾರಲು ಬಂದವರನ್ನು ಕಂಡು ಕೋಪಗೊಂಡರೆ, ಆ ಧೈರ್ಯ ಮಾರುವವರಿಗೆ ಎಲ್ಲಿಂದ ಬಂತೆಂದು ತಮ್ಮನ್ನೂ ಕೇಳಿಕೊಳ್ಳಬೇಕು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಊರು ಕಟ್ಟುವ ಆಟದಲ್ಲಿ ಕಾಣುವುದು ರಸ್ತೆ, ಮನೆ, ಮರ. ಕಾಣದಿರುವುದು ನಿಯಮ. ಆ ನಿಯಮ ಪ್ರಕೃತಿ ಕೊಟ್ಟದ್ದಲ್ಲ; ಊರೆಂದರೆ ಹೀಗಿರಬೇಕೆಂಬ ಯಾರದೋ ಅಭಿಪ್ರಾಯ. ಮೊದಲ ಸಿಮ್‌ಸಿಟಿಯ ಹಿಂದೆ ಜೇ ಫಾರೆಸ್ಟರ್ ಎಂಬ ವಿದ್ವಾಂಸ 1969ರಲ್ಲಿ ಬರೆದ ‘ಅರ್ಬನ್ ಡೈನಮಿಕ್ಸ್’ ಗ್ರಂಥದ ಪ್ರಭಾವವಿದೆ. ಆತ ಮೂಲತಃ ಎಂಜಿನಿಯರು, ನಗರವನ್ನು ಸಮೀಕರಣಗಳಾಗಿ ಕಂಡವನು. ಈ ಆಟಗಳಲ್ಲಿ ವಸತಿಗೆ ಒಂದು ಬಣ್ಣ, ವ್ಯಾಪಾರಕ್ಕೆ ಒಂದು, ಕೈಗಾರಿಕೆಗೆ ಒಂದು ಎಂದು ನೆಲವನ್ನು ಬೇರ್ಪಡಿಸುವ ಪದ್ಧತಿಯೂ ಅಮೆರಿಕದ್ದೇ. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಹಳ್ಳಿಯ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ವಲಯ ವಿಂಗಡಣೆಯ ನೆರಳು ಅದು. ಮೊದಲ ಸ್ಕೈಲೈನ್ಸ್‌ನ ಮೂಲ ವಲಯಗಳಲ್ಲಿ, ಕೆಳಗೆ ದಿನಸಿ ಅಂಗಡಿ ಮೇಲೆ ಮನೆ ಇರುವ ಕಟ್ಟಡ ತಾನಾಗಿ ಮೂಡುವಂತೆಯೇ ಇಲ್ಲ. ನಮ್ಮ ಪೇಟೆಬೀದಿಗಳಲ್ಲಿ ಹುಟ್ಟಿ ಬೆಳೆದ ಮಗು ಆ ಆಟವನ್ನು ಪ್ರಶ್ನೆಯಿಲ್ಲದೆ ಆಡಿದರೆ, ತಾನು ಬೆಳೆದ ಬೀದಿಯೇ ಅವ್ಯವಸ್ಥೆಯೆಂದೂ ಪರದೆಯ ಮೇಲಿನದೇ ವ್ಯವಸ್ಥೆಯೆಂದೂ ನಂಬಿಬಿಡಬಹುದು.

ವಾಹನ ನಿಲುಗಡೆಯ ಕಥೆಯನ್ನೂ ಕೇಳಿ. 2013ರ ಸಿಮ್‌ಸಿಟಿಯ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡೆ ಸಂದರ್ಶನವೊಂದರಲ್ಲಿ ತಾವೇ ಹೇಳಿಕೊಂಡಿದ್ದಾರೆ: ನಿಜವಾದ ಅಂಗಡಿಗಳ ಸುತ್ತಲಿನ ನಿಲುಗಡೆ ಜಾಗವನ್ನು ಅಳೆದು ನೋಡಿದಾಗ ಅದರ ಅಗಾಧತೆ ಕಂಡು ಬೆರಗಾಯಿತು, ಇದ್ದದ್ದು ಇದ್ದಂತೆ ತೋರಿಸಿದರೆ ಊರು ಬರಿಯ ನಿಲುಗಡೆ ಮೈದಾನವಾಗಿ ಬೇಸರ ತರುತ್ತಿತ್ತು, ಆದ್ದರಿಂದ ಅದೆಲ್ಲ ನೆಲದಡಿಯಲ್ಲಿದೆಯೆಂದು ಭಾವಿಸಿಕೊಂಡರು. ಮನರಂಜನೆಯ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಕಾರುಗಳ ಊರು ಸುಂದರವಾಗಿ ಕಾಣುವುದು ಅದರ ಬೆಲೆಯನ್ನು ಮುಚ್ಚಿಟ್ಟಾಗ ಮಾತ್ರ ಎಂಬ ಸತ್ಯ ಆಡುವವನಿಗೆ ತಿಳಿಯುವುದೇ ಇಲ್ಲ. ಹೊಸ ಗೋಪುರಗಳ ಕಂತೆ ಈ ಮುಚ್ಚಳವನ್ನು ತೆರೆಯುವುದಿಲ್ಲ. ಕಾರಿಗೆ ನಿಲ್ಲಲು ಜಾಗ ಬೇಕೇಬೇಕೆಂದು ಒತ್ತಾಯಿಸುವ ಪುಟ್ಟ ಮಾಡ್ ತೆರೆಯುತ್ತದೆ. ನಿಯಮ ಬರೆದಿಟ್ಟದ್ದು, ಆದ್ದರಿಂದ ತಿದ್ದಬಹುದಾದದ್ದು ಎಂಬ ಅರಿವು ಹನ್ನೆರಡು ವರ್ಷದ ಮಗುವಿಗೆ ಆಟದಲ್ಲಿ ಮೂಡಿದರೆ, ಇಪ್ಪತ್ತೆರಡರಲ್ಲಿ ಅದು ತನ್ನ ನಗರಸಭೆಯ ಮುಂದೆ ನಿಂತು ‘ಈ ರಸ್ತೆಯಲ್ಲಿ ಕಾಲುದಾರಿ ಏಕಿಲ್ಲ?’ ಎಂದು ಕೇಳಬಲ್ಲದು. ಒಡವೆ ಕೊಳ್ಳುವುದನ್ನು ಮಾತ್ರ ಕಲಿತ ಮಗು, ಹೊಸ ಮೇಲ್ಸೇತುವೆಯ ಉದ್ಘಾಟನೆಯಲ್ಲಿ ಚಪ್ಪಾಳೆ ತಟ್ಟುತ್ತದೆ.

ಬೋಧನೆ ಸಾಕು, ದಾರಿ ಹೇಳಿ ಎನ್ನುವವರಿಗೆ ನನ್ನ ಸಲಹೆ ಇಷ್ಟು. ಮೊದಲ ಸ್ಕೈಲೈನ್ಸ್ ಸಾಧಾರಣ ಕಂಪ್ಯೂಟರಿನಲ್ಲಿಯೂ ಓಡುತ್ತದೆ, ಅದರಿಂದಲೇ ಆರಂಭಿಸಿ. ಸ್ಟೀಮ್‌ನಲ್ಲಿಯೇ ಕೊಳ್ಳಿ, ಬೇರೆಡೆ ಕೊಂಡರೆ ಅಲ್ಲಿನ ವರ್ಕ್‌ಷಾಪ್‌ನ ಮಾಡ್‌ಗಳು ದೊರೆಯುವುದಿಲ್ಲ. ಹೊಸ ಊರು ಆರಂಭಿಸುವಾಗ ಎಡಬದಿಯ ಸಂಚಾರವನ್ನು ಆರಿಸಿಕೊಳ್ಳುವ ಅವಕಾಶವಿದೆ. ನಮ್ಮ ಮಕ್ಕಳಿಗೆ ಅದು ಸಹಜ. ಮೂವತ್ತು ಸಾವಿರ ಜನಸಂಖ್ಯೆಯವರೆಗೆ ಏನನ್ನೂ ಸೇರಿಸಬೇಡಿ. ದಟ್ಟಣೆ ಬರಲಿ, ಏಕಮುಖ ಸಂಚಾರ, ವೃತ್ತ, ಬಸ್ ಮಾರ್ಗಗಳಿಂದ ಬಿಡಿಸಲು ಮಗು ಹೆಣಗಲಿ. ಕುಣಿಯಲಾರದವಳು ನೆಲ ಡೊಂಕೆಂದಂತೆ ಆಟವನ್ನು ದೂರುವ ಮೊದಲು ತನ್ನ ರಸ್ತೆಯನ್ನು ತಾನು ನೋಡಿಕೊಳ್ಳಲಿ. ಅನಂತರ ಟ್ರಾಫಿಕ್ ಮ್ಯಾನೇಜರ್ ಹಾಕಿ. ಜೊತೆಗೆ ಕಟ್ಟಿದ್ದನ್ನು ಅತ್ತಿತ್ತ ಸರಿಸಿ ಹೊಂದಿಸಲು ‘ಮೂವ್ ಇಟ್’ ಎಂಬುದೊಂದು ಸಾಕು. ಮಾಡ್ ಹಾಕುವ ಮೊದಲು ಅದನ್ನು ಬರೆದವರು ಯಾರು, ಕೊನೆಯ ಬಾರಿ ತಿದ್ದಿದ್ದು ಎಂದು ಎಂಬುದನ್ನು ಓದುವ ಅಭ್ಯಾಸವಿರಲಿ.

ವಿಸ್ತರಣೆ ಒಂದೇ ಕೊಳ್ಳುವುದಾದರೆ ನನ್ನ ಮತ ಇಂಡಸ್ಟ್ರೀಸ್‌ಗೆ. ಹೊಲದ ಬೆಳೆ, ಕಾಡಿನ ಮರ, ನೆಲದ ಅದಿರು, ಎಣ್ಣೆ ಇವು ಗೋದಾಮಿಗೆ ಬಂದು, ಸಂಸ್ಕರಣೆಯಾಗಿ, ಕಾರ್ಖಾನೆ ಸೇರಿ ಸರಕಾಗುವ ಸರಣಿಯನ್ನು ಅದು ಕಣ್ಣ ಮುಂದಿಡುತ್ತದೆ. ರಸ್ತೆಯ ಮೇಲಿನ ಲಾರಿ ಎಲ್ಲಿಂದ ಬಂತು, ಏಕೆ ಬಂತು ಎಂಬುದಕ್ಕೆ ಅಲ್ಲಿ ಉತ್ತರವಿದೆ. ಎರಡನೆಯದು ಬೇಕೆನಿಸಿದರೆ ಮಾಸ್ ಟ್ರಾನ್ಸಿಟ್. ನದಿಯ ಊರಿಗೆ ದೋಣಿ ಬೇಕೋ ಸೇತುವೆ ಬೇಕೋ ಎಂಬ ಹೊಸ ತೀರ್ಮಾನ ಅದರಿಂದ ಹುಟ್ಟುತ್ತದೆ. ಉಳಿದವನ್ನು ಊರು ಕೇಳುವವರೆಗೆ ಅಂಗಡಿಯಲ್ಲಿಯೇ ಬಿಡಿ. ಅವು ಎಲ್ಲಿಯೂ ಓಡಿ ಹೋಗುವುದಿಲ್ಲ, ರಿಯಾಯಿತಿಯೂ ವರ್ಷಕ್ಕೆ ಹಲವು ಬಾರಿ ಬರುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕೊಂಡು ನೋಡು ಎನ್ನಲಿಲ್ಲ. ಕಟ್ಟಿದವನಿಗೆ ಮಾತ್ರ ಗೋಡೆಯ ಬಿರುಕು ಎಲ್ಲಿಂದ ಆರಂಭವಾಯಿತೆಂದು ಗೊತ್ತಿರುತ್ತದೆ. ನಿಮ್ಮ ಮಕ್ಕಳು ಕಟ್ಟಲಿ, ಬಿರುಕನ್ನು ಕಾಣಲಿ, ತಿದ್ದಲಿ. ನನ್ನ ಮಾತನ್ನು ಒಪ್ಪದವರು ಸಂಕೋಚವಿಲ್ಲದೆ ಬರೆದು ತಿಳಿಸಿ. ತರಗತಿಯಲ್ಲಿ ಎದ್ದು ನಿಂತು ಎದುರು ವಾದಿಸುತ್ತಿದ್ದವರೇ ನನಗೆ ಇಂದಿಗೂ ಹೆಚ್ಚು ನೆನಪಿನಲ್ಲಿರುವವರು.